ದಾರ ಹಿಡಿದವರ ಕೂಲಿ

"ನಮ್ಮಲ್ಲಿ ಸೂತಕ ಅನ್ನೋದಿಲ್ಲ," ಎಂದರು ವೀರಪ್ಪನವರು, ಎರಡನೇ ದೋಸೆಯ ಮೇಲೆ ಚಟ್ನಿ ಸವರಿಕೊಳ್ಳುತ್ತ. "ಮಗೀನ ಹುಟ್ಟಿದಬ್ಬ ಪ್ರತಿ ವರ್ಷ ಹೆಂಗೆ ಆಗ್ತಿತ್ತೋ ಈ ವರ್ಷಾನೂ ಹಂಗೇ ಆಗ್ಬೇಕು. ಕೇಕೂ ಆಗ್ಬೇಕು."

ಒಲೆಯ ಮುಂದಿದ್ದ ದಾಕ್ಷಾಯಿಣಿ ಮಾವನ ಮಾತು ಕೇಳಿಸಿಕೊಂಡಳು, ದೋಸೆ ಮಗುಚಿದಳು. ಕೇಳುವುದೂ ಮಗುಚುವುದೂ ಅವಳಿಗೆ ಈಚೆಗೆ ಒಂದೇ ಬಗೆಯ ಕೆಲಸವಾಗಿತ್ತು. ಕೈಗೆ ಬಂದದ್ದು ಮಾಡುವುದು, ಮುಗಿದ ಮೇಲೆ ಮುಂದಿನದು ಮಾಡುವುದು.

ಅತ್ತೆ ಗಿರಿಜಾದೇವಿ ನೆಲದ ಮೇಲೆ ಕಾಲು ಚಾಚಿ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದರು. ಅವರ ಕೈ ನಿಂತಿತು.

"ಮಗ ಮಣ್ಣಾಗಿ ಎರಡು ತಿಂಗಳಾಗಿಲ್ಲ, ಇವರಿಗೆ ಕೇಕು ಬೇಕಂತೆ."

"ಮಣ್ಣಾಗಿಲ್ಲ ಕಣೇ. ಲಿಂಗೈಕ್ಯ ಆಗ್ಯಾನೆ."

"ಹೆಸರು ಏನಾದ್ರೂ ಇಟ್ಕೊಳ್ರಿ. ಮನೇಲಿಲ್ಲವಲ್ಲ."

ಅಷ್ಟರಲ್ಲಿ ಮೊಮ್ಮಗಳು ತೇಜಶ್ರೀ ಕೋಣೆಯಿಂದ ಬಂದು, ತನ್ನ ತಟ್ಟೆಗೆ ಹಾಕಿಟ್ಟ ಎರಡು ದೋಸೆಯಲ್ಲಿ ಒಂದನ್ನು ವಾಪಸ್ಸು ಇಟ್ಟು, ತಟ್ಟೆ ಎತ್ತಿಕೊಂಡಳು. ತಾತನ ಕಡೆ ನೋಡದೆ, "ಎನಕ್ಕು ಕೇಕೆಲ್ಲಾಂ ವೇಂಡಾಂ," ಎಂದು ತಮಿಳಿನಲ್ಲಿ ಬೇಡವೆಂದು ಹೇಳಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಆ ಮನೆಯಲ್ಲಿ ನಾಲ್ವರು ಒಂದೇ ಮೇಜಿಗೆ ಕೂತು ಉಂಡು ಬಹಳ ದಿನವಾಗಿತ್ತು.

ದಾವಣಗೆರೆಯಿಂದ ನೂಲಿನ ವ್ಯಾಪಾರಕ್ಕೆಂದು ಮದರಾಸಿಗೆ ಬಂದವರು ವೀರಪ್ಪನವರು. ಊರಿಗೆ ಚೆನ್ನೈ ಎಂದು ಹೆಸರಾದರೂ ಅವರ ಬಾಯಲ್ಲಿ ಅದಿನ್ನೂ ಮದರಾಸೇ. ವ್ಯಾಪಾರ ಕೈಬಿಟ್ಟ ಮೇಲೆ ಪೋರೂರಿನಲ್ಲಿ ಮೂರನೇ ಮಹಡಿಯ ಈ ಫ್ಲ್ಯಾಟು ಕೊಂಡರು. ಮಗ ರುದ್ರೇಶ ಮಣಲಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದ. ಮಾರ್ಚ್ ತಿಂಗಳ ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಕಂಪನಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಲ್ಲೇ ಅವನ ಎದೆ ನಿಂತಿತು. ಪಕ್ಕದವರು ನಿದ್ದೆ ಮಾಡುತ್ತಿದ್ದಾನೆಂದು ತಿಳಿದು, ಪಾಪ ಮಲಗಲಿ ಎಂದು, ಎಬ್ಬಿಸದೆ ತಮ್ಮ ತಮ್ಮ ಸ್ಟಾಪಿನಲ್ಲಿ ಇಳಿದುಹೋಗಿದ್ದರು. ಪೋರೂರು ಜಂಕ್ಷನ್ನಿನಲ್ಲಿ ಡ್ರೈವರು ಕರೆದಾಗಲೇ ಗೊತ್ತಾದದ್ದು. ಅವನ ಜೊತೆ ಮನೆಗೆ ಬಂದ ಊಟದ ಡಬ್ಬಿ ತೊಳೆದು ಚೊಕ್ಕಟವಾಗಿತ್ತು.

ಡಬ್ಬಿ ತೊಳೆದಿದ್ದದ್ದು ಆ ಮನೆಯ ಕಟ್ಟಳೆ. ಅಲ್ಲಿ ಯಾರೂ ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸವರಿ, ಆ ನೀರನ್ನೂ ಕುಡಿಯಬೇಕು. ತಟ್ಟೆಗೆ ಬಿದ್ದದ್ದು ಪ್ರಸಾದ. ಪ್ರಸಾದಕ್ಕೆ ಉಪ್ಪು ಹುಳಿ ಖಾರದ ತೀರ್ಪು ಕೊಡಬಾರದು. ದಾಕ್ಷಾಯಿಣಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ. ಮೂವರೂ ತೆಪ್ಪಗೆ ಉಂಡು, ತಟ್ಟೆ ತೊಳೆದು ಕುಡಿದು ಎದ್ದರು. ಕೊನೆಗೆ ತಾನು ಉಣ್ಣಲು ಕೂತಾಗ ಅವಳಿಗೆ ತಿಳಿಯಿತು. "ಹೇಳಬಾರದಿತ್ತಾ?" ಎಂದು ರುದ್ರೇಶನನ್ನು ಕೇಳಿದರೆ, "ಈ ಮನೇಲಿ ಅಡುಗೆ ಮಾಡಿದವರೇ ರುಚಿ ನೋಡ್ಕೋಬೇಕು, ಉಣ್ಣೋರು ಮೂಗರು," ಎಂದು ನಕ್ಕಿದ್ದ.

ಅವನ ಕಟ್ಟಳೆ ಬೇರೆ ಇತ್ತು. ಮನೆ ಬಾಗಿಲು ದಾಟಿ ಒಳಗೆ ಬಂದರೆ ಮಗಳು ಕನ್ನಡವಾಡಬೇಕು. ತೇಜಶ್ರೀ ತಮಿಳಿನಲ್ಲಿ ಏನಾದರೂ ಕೇಳಿದರೆ ಅವನು ಕಿವುಡನ ಹಾಗೆ ಕೂತುಬಿಡುತ್ತಿದ್ದ. ಅವಳು ರೇಗಿ ಕನ್ನಡಕ್ಕೆ ಬಂದ ಮೇಲೆಯೇ ಅವನಿಗೆ ಕಿವಿ ಕೇಳಿಸುತ್ತಿತ್ತು. ಅವನು ಹೋದಂದಿನಿಂದ ಅವಳು ಮನೆಯಲ್ಲಿ ಒಂದು ಕನ್ನಡ ಪದ ಆಡಿರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಎರಡು ಮಾತು. ದಾಕ್ಷಾಯಿಣಿಗೆ ಇದು ಗೊತ್ತಾಗಲು ಎಷ್ಟೋ ದಿನ ಬೇಕಾಯಿತು. ಗೊತ್ತಾದಾಗಲೂ ದುಃಖವಾಗಲಿಲ್ಲ, ಗೊತ್ತಾಯಿತು ಅಷ್ಟೆ.

ಅವಳು ಅತ್ತಿರಲೂ ಇಲ್ಲ. ಮಣ್ಣಿನ ದಿನ ಅಳಲಿಲ್ಲ, ಆಮೇಲೂ ಅಳಲಿಲ್ಲ. ಎದುರು ಮನೆಯ ಸುಮತಿ ಎರಡು ಸಲ ಬಂದು ಕೈಹಿಡಿದು, "ಅತ್ತುಬಿಡಿ ಅಕ್ಕಾ, ಒಳಗೆ ಇಟ್ಟುಕೊಂಡರೆ ಒಳ್ಳೆಯದಲ್ಲ," ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿಹೋಗಿದ್ದಳು. ಒಳಗೆ ಏನಾದರೂ ಇದ್ದರಲ್ಲವೆ ಹೊರಗೆ ಬರುವುದು ಎಂದುಕೊಂಡು ದಾಕ್ಷಾಯಿಣಿ ಅವಳಿಗೆ ಕಾಫಿ ಕೊಟ್ಟಿದ್ದಳು. ಮೂರನೇ ವಾರಕ್ಕೆ ಕಣ್ಣಾಸ್ಪತ್ರೆಯ ಬಿಲ್ ಕೌಂಟರಿನ ಕೆಲಸಕ್ಕೆ ವಾಪಸ್ಸು ಹೋದಳು. ಸಾರಿಗೆ ಉಪ್ಪನ್ನು ಅಂದಾಜಿನಲ್ಲಿ ಹಾಕುತ್ತಿದ್ದಳು, ಬಾಯಿಗೆ ಬಿಟ್ಟು ನೋಡುವುದನ್ನು ನಿಲ್ಲಿಸಿದ್ದಳು. ನೋಡಿದರೂ ನಾಲಿಗೆಗೆ ಏನೂ ಹತ್ತುತ್ತಿರಲಿಲ್ಲ.

ಕೇಕಿನ ಮಾತೆದ್ದ ವಾರವೇ ತೇಜಶ್ರೀ ಇನ್ನೊಂದು ಸುದ್ದಿ ಹೇಳಿದಳು. ಹತ್ತನೇ ತರಗತಿಯಾಯಿತು, ಮುಂದೆ ಪ್ಲಸ್ ಒನ್ನಿಗೆ ಅವಳು ಇಲ್ಲಿ ಓದುವುದಿಲ್ಲ, ನಾಮಕ್ಕಲ್ಲಿನ ಹಾಸ್ಟೆಲ್ ಶಾಲೆಗೆ ಹೋಗುತ್ತಾಳೆ. ಜೂನ್ ಮೊದಲ ವಾರ ಸೇರಬೇಕು.

"ಅಲ್ಲಿ ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ತನಕ ಓದಿಸ್ತಾರಂತೆ," ಎಂದಳು ದಾಕ್ಷಾಯಿಣಿ.

"ಪರವಾಯಿಲ್ಲೆ."

"ಫೋನೂ ಕೊಡಲ್ವಂತೆ."

"ಪರವಾಯಿಲ್ಲೆಮ್ಮಾ."

"ಇಲ್ಲೇನು ಕಮ್ಮಿಯಾಗೈತೆ ನಿನಗೆ?"

ಅದಕ್ಕೆ ತೇಜಶ್ರೀ ಉದ್ದಕ್ಕೆ ತಮಿಳಿನಲ್ಲೇ ಹೇಳಿದಳು. ಇಲ್ಲಿ ಅಜ್ಜಿ ದಿನವಿಡೀ ಅಳುತ್ತಾಳೆ. ತಾತ ಅಳುವುದು ತಪ್ಪು ಎನ್ನುತ್ತಾನೆ. ನೀನು ಎರಡೂ ಇಲ್ಲ. ಅಪ್ಪನ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಹೇಳಿ ಮುಗಿಸಿ ಅವಳು ಹೆಡ್‌ಫೋನು ಹಾಕಿಕೊಂಡಳು. ದಾಕ್ಷಾಯಿಣಿ ಬಾಗಿಲಲ್ಲಿ ನಿಂತು, ಈ ಹುಡುಗಿ ಹೋದರೆ ತಿರುಗಿ ಬರುವುದಿಲ್ಲ ಎಂದು ಲೆಕ್ಕ ಹಾಕಿದಳು. ರಜೆಗೆ ಬರುತ್ತಾಳೆ, ಚೀಲ ಇಡುತ್ತಾಳೆ, ಹೋಗುತ್ತಾಳೆ, ಬರುವುದೆಂದರೆ ಅದಲ್ಲ. ಇದೊಂದು ವಿಷಯಕ್ಕೆ ಮಾತ್ರ ಅವಳಿಗೆ ಹೆದರಿಕೆಯಾಯಿತು. ಮರಗಟ್ಟಿದ ಕಾಲಿಗೆ ಚುಚ್ಚಿದರೆ ಎಲ್ಲೋ ದೂರದಲ್ಲಿ ತಿಳಿಯುತ್ತದಲ್ಲ, ಹಾಗೆ.

ಬಹುಶಃ ಅದಕ್ಕೇ ಅವಳು ಮರುದಿನ ಮಾವನಿಗೆ, "ಕೇಕು ಮಾಡ್ತೀನಿ," ಎಂದದ್ದು.

ಕೇಕು ಎಂದರೆ ಸುಮ್ಮನೆ ಕೇಕಲ್ಲ. ಲಾಕ್‌ಡೌನ್ ವರ್ಷ ಬೇಕರಿಗಳು ಮುಚ್ಚಿದ್ದಾಗ ರುದ್ರೇಶ ಮೊಬೈಲು ನೋಡಿಕೊಂಡು ಮಗಳಿಗೆ ಮೊಟ್ಟೆ ಹಾಕದ ಎರಡು ಪದರದ ಕೇಕು ಮಾಡಿದ್ದ. ಮರುವರ್ಷ ಮೂರಾಯಿತು. "ನಿನಗೊಂದು ವರ್ಷ ಏರಿದರೆ ಇದಕ್ಕೊಂದು ಪದರ ಏರ್ತೈತೆ," ಎಂದು ಬಾಯಿತಪ್ಪಿ ಹೇಳಿ ಸಿಕ್ಕಿಬಿದ್ದ. ಹೋದ ವರ್ಷ ಆರು ಪದರ. ಪದರದ ನಡುವೆ ಬೆಣ್ಣೆಯ ಕ್ರೀಮು, ಬಂಗನಪಲ್ಲಿ ಮಾವಿನ ರಸ. ಮೇ ತಿಂಗಳ ಬಿಸಿಲಿಗೆ ಚೆನ್ನೈ ಅಡುಗೆಮನೆಯಲ್ಲಿ ಬೆಣ್ಣೆ ನಿಲ್ಲುವುದಿಲ್ಲ. ಮನೆಯಲ್ಲಿ ಏಸಿ ಇರುವುದು ಅವನ ಅಪ್ಪ ಅಮ್ಮನ ಕೋಣೆಯಲ್ಲಿ ಮಾತ್ರ. ಆದ್ದರಿಂದ ಪದರ ಜೋಡಿಸುವ ಕೆಲಸ ಅಲ್ಲೇ, ವೀರಪ್ಪನವರು ಬೆಳಗ್ಗೆ ಲಿಂಗಪೂಜೆ ಮಾಡುವ ಮಣೆಯ ಪಕ್ಕ ಸ್ಟೂಲು ಹಾಕಿಕೊಂಡು. "ಅಪ್ಪಾಜಿ, ನಿಮ್ಮ ಪೂಜೆ ಬೇಗ ಮುಗಿಸಿ, ನನ್ನ ಪೂಜೆ ಐತೆ," ಎಂದು ಅವರನ್ನು ಹೊರಗೆ ಅಟ್ಟುತ್ತಿದ್ದ. ದಪ್ಪ ಕೇಕನ್ನು ಅಡ್ಡಕ್ಕೆ ಸೀಳಿ ಎರಡು ಪದರ ಮಾಡುವುದಕ್ಕೆ ಅವನು ಚಾಕು ಮುಟ್ಟುತ್ತಿರಲಿಲ್ಲ, ದಾರದಲ್ಲಿ ಕೊಯ್ಯುತ್ತಿದ್ದ. ಅವನು ಒಂದು ತುದಿ, ಮಗಳು ಇನ್ನೊಂದು ತುದಿ. ಪದರ ಬೆಸವಾದ ವರ್ಷ ಒಂದು ಹೋಳು ಮಿಕ್ಕುತ್ತಿತ್ತು. ಅದು ದಾರ ಹಿಡಿದವರ ಕೂಲಿ ಎಂದು ತೇಜಶ್ರೀ ಅಲ್ಲೇ ನಿಂತು ತಿನ್ನುತ್ತಿದ್ದಳು.

ಆ ದಾರದ್ದೇ ಹೋದ ವರ್ಷ ರಂಪವಾಯಿತು. ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಶಿವದಾರ ಅದು. ನೂಲಿನ ವ್ಯಾಪಾರ ಮಾಡಿದ ವೀರಪ್ಪನವರಿಗೆ ಅಂಗಡಿಯ ಶಿವದಾರ ಹಿಡಿಸದು. ಹಳೆಯ ಪರಿಚಯದವರಿಂದ ತರಿಸಿದ ಹತ್ತಿ ದಾರದ ಉಂಡೆ ಅವರ ಪೂಜೆ ಪೆಟ್ಟಿಗೆಯಲ್ಲಿರುತ್ತಿತ್ತು. ಇಷ್ಟು ವರ್ಷ ಮಗ ಅದನ್ನೇ ಕದ್ದು ಕೇಕು ಕೊಯ್ಯುತ್ತಿದ್ದನೆಂದು ಅವರಿಗೆ ಗೊತ್ತಾದದ್ದು ಆಗ. "ಲಿಂಗಕ್ಕೆ ಕಟ್ಟೋ ದಾರದಾಗೆ ಬ್ರೆಡ್ಡು ಕೊಯ್ತೀಯೇನೋ," ಎಂದು ಪೆಟ್ಟಿಗೆಗೆ ಬೀಗ ಹಾಕಿದರು. ಅಪ್ಪ ಮಗ ಒಂದು ವಾರ ಮಾತು ಬಿಟ್ಟಿದ್ದರು. ಬೀಗ ಇನ್ನೂ ಹಾಗೇ ಇತ್ತು.

ಕೇಕು ಮಾಡುತ್ತೇನೆಂದು ಸೊಸೆ ಬಾಯಿಬಿಟ್ಟದ್ದೇ ತಡ, ವೀರಪ್ಪನವರು ಕೊಡೆ ಹಿಡಿದು ಅಂಗಡಿಗೆ ಹೋದರು. ಮೈದಾ, ಸಕ್ಕರೆ, ಹಾಲಿನಪುಡಿ ತಂದರು. ಬೆಣ್ಣೆಯನ್ನಂತೂ ಮದುವೆ ಮನೆಗೆ ತಂದ ಹಾಗೆ ತಂದು ಫ್ರಿಜ್ಜಿನ ಮೇಲಿನ ಅಂಕಣ ತುಂಬಿಸಿದರು. ಅಂಗಡಿಯಲ್ಲಿ ಬೆಣ್ಣೆ ಎರಡು ಬಗೆ, ಅಡುಗೆಗೆ ಒಂದು, ಬ್ರೆಡ್ಡಿಗೆ ಸವರಲು ಉಪ್ಪು ಹಾಕಿದ್ದು ಇನ್ನೊಂದು ಎಂಬುದು ಅವರಿಗೆ ಎಲ್ಲಿಂದ ಗೊತ್ತಾಗಬೇಕು. ಹಳದಿಯಾಗಿ ಚೆನ್ನಾಗಿ ಕಂಡದ್ದನ್ನು ಎತ್ತಿಕೊಂಡು ಬಂದಿದ್ದರು. ದಾಕ್ಷಾಯಿಣಿ ಪೊಟ್ಟಣದ ಮೇಲೆ ಬರೆದದ್ದನ್ನು ಓದಲಿಲ್ಲ. ಆ ದಿನಗಳಲ್ಲಿ ಅವಳು ಯಾವುದನ್ನೂ ಓದುತ್ತಿರಲಿಲ್ಲ.

ಭಾನುವಾರ ಒಂದು ಸಣ್ಣ ಕೇಕು ಮಾಡಿ ನೋಡಿದಳು. ಗಿರಿಜಾದೇವಿ ಅಡುಗೆಮನೆಯಿಂದ ಎದ್ದು ಹೋಗಿ ವರಾಂಡದಲ್ಲಿ ಕೂತರು. "ಒಂದು ವರ್ಷ ಸಿಹಿ ಮಾಡಬಾರದು ಅಂತ ಸುಮತಿನೂ ಹೇಳಿದ್ಲು. ಈ ಊರಾಗೆ ಎಲ್ಲಾರಿಗೂ ಒಂದು ದಾರಿ, ನಮ್ಮ ಮನೇಗೆ ಒಂದು ದಾರಿ," ಎಂದು ಅಲ್ಲಿಂದಲೇ ಹೇಳುತ್ತಿದ್ದರು. ದಾಕ್ಷಾಯಿಣಿ ಮೊಸರಿಗೆ ಸೋಡಾ ಹಾಕಿದಳು, ಅದು ನೊರೆಯಾಗಿ ಉಬ್ಬಿತು. ಮೈದಾ ಜರಡಿ ಹಿಡಿದಳು. ಬೆಣ್ಣೆ ಸಕ್ಕರೆ ತಿರುವಿ ಕ್ರೀಮು ಮಾಡಿದಳು. ಕೇಕು ತಕ್ಕಮಟ್ಟಿಗೆ ಉಬ್ಬಿತು, ನಡುವೆ ಮಾತ್ರ ಸ್ವಲ್ಪ ಕುಸಿಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಮೆತ್ತಗಿದೆ ಎಂದು ತಿಳಿಯಿತು, ಬೇರೇನೂ ತಿಳಿಯಲಿಲ್ಲ.

ವೀರಪ್ಪನವರು ತಮ್ಮ ಪಾಲನ್ನು ನಿಧಾನವಾಗಿ ತಿಂದರು. ತಿಂದು ತಟ್ಟೆಗೆ ನೀರು ಹಾಕಿ ಕುಡಿದರು. ಆಮೇಲೆ ಒಂದು ಚೊಂಬು ನೀರು ಬೇರೆ ಕುಡಿದರು.

"ಹೆಂಗೈತೆ ಮಾವ?"

"ಪ್ರಸಾದಕ್ಕೆ ಹೆಂಗೈತೆ ಅಂತ ಕೇಳಬಾರದವ್ವ."

"ಇದು ಪ್ರಸಾದ ಅಲ್ಲ ಮಾವ, ಕೇಕು. ಏನಾದ್ರೂ ಕಮ್ಮಿ ಐತಾ?"

"ಕಮ್ಮಿ ಏನೂ ಇಲ್ಲ," ಎಂದರು ಅವರು. ಅದು ನಿಜವೇ ಆಗಿತ್ತು. ಗಿರಿಜಾದೇವಿಯವರ ಮುಂದೆ ಇಟ್ಟ ತಟ್ಟೆಯೂ ಒಂದು ಗಂಟೆಯ ಮೇಲೆ ತೊಳೆದುಕೊಂಡು ವಾಪಸ್ಸು ಬಂತು. ಅವರೂ ಏನೂ ಹೇಳಲಿಲ್ಲ. ತೇಜಶ್ರೀ ಬಾಗಿಲು ತೆರೆಯದೆ, "ಪಸಿಕ್ಕಲೆ," ಹಸಿವಿಲ್ಲ ಎಂದಳು. ಹಾಗಾದರೆ ಇದೇ ಅಳತೆ ಎಂದುಕೊಂಡಳು ದಾಕ್ಷಾಯಿಣಿ.

ಹುಟ್ಟುಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಅತ್ತೆ ಮಾವನ ನಡುವೆ ಸರಿಯಾಗಿ ಹತ್ತಿಕೊಂಡಿತು. ವೀರಪ್ಪನವರು ಸಂಜೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಕೆರೆಯ ಕಡೆ ವಾಕಿಂಗ್ ಹೋಗುವ ಹೊತ್ತು ಅದು. ಮೊಮ್ಮಗಳಿಗೆ ಹೊಸ ಬಟ್ಟೆ ತರಬೇಕು, ನಾಳೆ ಅಜ್ಜಿ ಮೊಮ್ಮಗಳು ಹೋಗಿಬನ್ನಿ ಎಂದು ಅವರು ಹೇಳಿದ್ದೇ ಕಾರಣವಾಯಿತು.

"ನಾನು ಹೋಗಲ್ಲ," ಎಂದರು ಗಿರಿಜಾದೇವಿ. "ನಿಮಗೆ ಸೂತಕ ಇಲ್ಲ, ನೀವು ಹೋಗ್ರಿ. ನಿಮಗೆ ಮೂರನೇ ದಿನಕ್ಕೇ ಎಲ್ಲಾ ಮುಗೀತು. ಜಂಗಮರಿಗೆ ಊಟ ಹಾಕಿದ್ರಿ, ಪೇಪರ್ ಓದೋಕೆ ಕೂತ್ರಿ. ಒಂದು ಹನಿ ನೀರು ಬರಲಿಲ್ಲ ಕಣ್ಣಾಗೆ."

"ಅಳೋದು ಶರಣರ ಮಾರ್ಗ ಅಲ್ಲ. ಮರಣವೇ ಮಹಾನವಮಿ ಅಂತ ಹೇಳ್ಯಾರೆ."

"ಹೇಳ್ಯಾರೆ. ಹಂಗಾದ್ರೆ ದಿನಾ ಸಂಜೆ ಕೆರೆ ಕಡೆ ಹೋಗ್ತೀನಿ ಅಂತ ಹೋಗಿ ಜಂಕ್ಷನ್ನಿನ ಬಸ್ ಸ್ಟಾಪಾಗೆ ಯಾಕೆ ನಿಂತ್ಕೊಂತೀರಿ? ಆ ಕಂಪನಿ ಬಸ್ಸು ಬಂದು ಹೋಗೋತನಕ ಯಾಕೆ ನಿಂತಿರ್ತೀರಿ? ಸುಮತಿ ಎಷ್ಟು ಸಲ ನೋಡ್ಯಾಳೆ ಗೊತ್ತಾ?"

ವೀರಪ್ಪನವರು ಒಂದು ಕಾಲಿಗೆ ಚಪ್ಪಲಿ ಹಾಕಿದ್ದರು, ಇನ್ನೊಂದು ಕಾಲು ಬರಿಗಾಲು. ಗೋಡೆ ಹಿಡಿದುಕೊಂಡರು. "ಗಾಳಿ ಬರ್ತೈತೆ ಅಲ್ಲಿ," ಎಂದರು. ಜಂಕ್ಷನ್ನಿನಲ್ಲಿ ಲಾರಿಯ ಹೊಗೆ ಬಿಟ್ಟರೆ ಬೇರೆ ಗಾಳಿ ಬರುವುದಿಲ್ಲವೆಂದು ಪೋರೂರಿನ ಮಕ್ಕಳಿಗೂ ಗೊತ್ತು. ಇನ್ನೊಂದು ಚಪ್ಪಲಿ ಹಾಕಿಕೊಂಡು ಅವರು ಹೋದರು.

ದಾಕ್ಷಾಯಿಣಿ ತಿರುಗಿ ನೋಡಿದಾಗ ತೇಜಶ್ರೀ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೆಡ್‌ಫೋನು ಕೊರಳಿಗೆ ಇಳಿದಿತ್ತು. ಎಷ್ಟು ಕೇಳಿದಳೋ. ರಾತ್ರಿ ಊಟಕ್ಕೆ ತಟ್ಟೆ ತೆಗೆದುಕೊಳ್ಳಲು ಬಂದಾಗ ಅವಳು ಅಮ್ಮನಿಗೆ ತಮಿಳಿನಲ್ಲೇ, ಕೇಕು ಮಾಡುವುದಾದರೆ ಸಂಜೆ ಆರಕ್ಕೆ ಕತ್ತರಿಸಬೇಕು, ಮೊದಲೂ ಅಲ್ಲ ಆಮೇಲೂ ಅಲ್ಲ ಎಂದಳು. ಯಾಕೆಂದು ದಾಕ್ಷಾಯಿಣಿ ಕೇಳಲಿಲ್ಲ. ಕಂಪನಿ ಬಸ್ಸು ಪೋರೂರಿಗೆ ಬರುವುದು ಆ ಹೊತ್ತಿಗೇ.

ಹುಟ್ಟುಹಬ್ಬದ ಹಿಂದಿನ ದಿನ ರಜೆ ಹಾಕಿ ದಾಕ್ಷಾಯಿಣಿ ನಾಲ್ಕು ಕೇಕು ಬೇಯಿಸಿದಳು. ಓವನ್ನು ಸಣ್ಣದು, ಒಂದು ಸಲಕ್ಕೆ ಒಂದೇ ಹಿಡಿಸುತ್ತದೆ. ಮನೆಯಲ್ಲಿ ಬೆಂಕಿಯ ಕಾವು, ಹೊರಗೆ ಬಿಸಿಲಿನ ಕಾವು. ಬೆವರು ಕಣ್ಣಿಗಿಳಿದು ಉರಿದಾಗ ಸೀರೆಯ ಸೆರಗಿನಲ್ಲಿ ಒರೆಸಿಕೊಂಡಳು. ಮಾವಿನ ಹಣ್ಣು ಹಿಂಡಿ ರಸ ಗಟ್ಟಿ ಮಾಡಿದಳು. ಯಾವುದೂ ಅವಳಿಗೆ ಬೇಸರ ತರಲಿಲ್ಲ, ಖುಷಿಯೂ ತರಲಿಲ್ಲ. ಕೆಲಸ ಇತ್ತು, ಮಾಡಿದಳು.

ಮರುದಿನ ಮಧ್ಯಾಹ್ನ ಏಸಿ ಕೋಣೆಗೆ ಎಲ್ಲವನ್ನೂ ಸಾಗಿಸಿದಳು. ಯಾರೂ ಹೇಳದೆಯೇ ವೀರಪ್ಪನವರು ಮಣೆ ಎತ್ತಿಟ್ಟು ಜಾಗ ಬಿಟ್ಟಿದ್ದರು. ಆದರೆ ಹೊರಗೆ ಹೋಗಲಿಲ್ಲ, ಮಂಚದ ತುದಿಗೆ ಕೂತರು. ದಾಕ್ಷಾಯಿಣಿ ಮೊದಲನೇ ಕೇಕಿಗೆ ಚಾಕು ಇಟ್ಟಳು. ಎರಡು ಬೆರಳು ಒಳಗೆ ಹೋಗುವುದರೊಳಗೆ ಚಾಕು ಮೇಲಕ್ಕೆ ಓರೆಯಾಯಿತು, ಅಂಚು ಪುಡಿಪುಡಿಯಾಯಿತು. ನಿಲ್ಲಿಸಿದಳು. ಹೊಲಿಗೆ ದಾರ ತಂದು ಎಳೆದಳು, ಅದು ಪಟ್ಟೆಂದು ಹರಿಯಿತು. ಇನ್ನೊಮ್ಮೆ ಎಳೆದಳು, ಮತ್ತೆ ಹರಿಯಿತು. ಪೆಟ್ಟಿಗೆಯ ಬೀಗದ ಕಡೆ ಅವಳು ನೋಡಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳಲು ವೀರಪ್ಪನವರಿಗೇನು ಜನಿವಾರವಿದೆಯೆ. ಅಂಗಿಯ ಜೇಬಿನಲ್ಲೇ ಇತ್ತು. ಎದ್ದರು, ಪೆಟ್ಟಿಗೆ ತೆರೆದರು, ದಾರದ ಉಂಡೆ ತೆಗೆದರು. ನೂಲಿನವರ ಅಭ್ಯಾಸದಂತೆ ಎರಡು ಎಳೆ ಬೆರಳಲ್ಲಿ ತಿಕ್ಕಿ ನೋಡಿ, ಮೊಳ ಹಾಕಿ, ಬೇಕಾದಷ್ಟು ಹರಿದರು.

"ತಗಳವ್ವ. ಇದರಾಗೇ ಕೊಯ್ಯಿ."

"ಮಾವ, ಇದು..."

"ಗೊತ್ತೈತೆ ಏನು ಅಂತ. ಕೊಯ್ಯಿ. ಅವನ ಕೊರಳಿನ ದಾರ ಅವನ ಜೊತೆ ಹೋತು. ಇದು ಇಲ್ಲೇ ಬಿದ್ದೈತೆ. ಯಾರಿಗೆ ಇಟ್ಕೊಂಡು ಕೂರ್ಲಿ."

ಬಾಗಿಲ ಬಳಿ ಗಿರಿಜಾದೇವಿ ಬಂದು ನಿಂತಿದ್ದರು. ದಾಕ್ಷಾಯಿಣಿ ದಾರವನ್ನು ಕೇಕಿನ ಸುತ್ತ ಹಾಕಿ ಒಂದೇ ಕಡೆಗೆ ಎಳೆದಳು. ಕೇಕೇ ಜಾರಿ ಅವಳ ಕಡೆ ಬಂತು. ಅಷ್ಟು ವರ್ಷವಾದರೂ ಅವಳು ಇದನ್ನು ಕಲಿತಿರಲಿಲ್ಲ. ಅಪ್ಪ ಮಗಳು ಕೊಯ್ಯುವ ಹೊತ್ತಿಗೆಲ್ಲ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಅಮ್ಮ, ಹಂಗಲ್ಲ."

ಮೂವರೂ ತಿರುಗಿದರು. ತೇಜಶ್ರೀ ಅಜ್ಜಿಯನ್ನು ದಾಟಿಕೊಂಡು ಒಳಗೆ ಬಂದಳು.

"ದಾರದ ಎರಡು ತುದೀನೂ ಅಡ್ಡ ಹಾಯಿಸ್ಬೇಕು. ಒಬ್ಬರು ಈ ಕಡೆ, ಒಬ್ಬರು ಆ ಕಡೆ. ನೀನು ತಟ್ಟೆ ಗಟ್ಟಿ ಹಿಡ್ಕೋ. ತಾತ, ಬನ್ನಿ, ಆ ತುದಿ ನೀವು ಹಿಡೀರಿ. ಎಳೀಬೇಡಿ, ನಾನು ಹೇಳೋತನಕ ಸುಮ್ನೆ ಇರಿ. ಕೈ ಅಲುಗಿಸಿದ್ರೆ ಕೂಲಿ ಇಲ್ಲ."

ಆ ಕೊನೆಯ ಮಾತು ರುದ್ರೇಶನದು, ಅಕ್ಷರ ಬಿಡದೆ. ಗಿರಿಜಾದೇವಿ ಬಾಯಿಗೆ ಸೆರಗು ಒತ್ತಿಕೊಂಡರು. ವೀರಪ್ಪನವರು ದಾರದ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು, ಮಂಡಿ ಬಗ್ಗಿಸಿ, ಉಸಿರು ಹಿಡಿದು ಕೂತರು. "ಈಗ ನಿಧಾನ," ಎಂದಳು ಮೊಮ್ಮಗಳು. ದಾರ ಕೇಕಿನೊಳಗೆ ಹೋಯಿತು, ಇನ್ನೊಂದು ಕಡೆ ಬಂತು. ಮೇಲಿನ ಪದರ ಎತ್ತಿದರೆ ಒಳಗೆ ಸಮವಾಗಿತ್ತು.

ನಾಲ್ಕು ಕೇಕು ಕೊಯ್ದರು. ಏಳು ಪದರ ಏರಿತು. ಗಿರಿಜಾದೇವಿ ಕೊನೆಕೊನೆಗೆ ಬಂದು ಮಾವಿನ ರಸದ ಬಟ್ಟಲನ್ನು ಯಾರೂ ಕೇಳದೆ ಹಿಡಿದುಕೊಂಡು ನಿಂತರು, ಮುಖ ಮಾತ್ರ ಗೋಡೆಯ ಕಡೆ. ಕೇಕು ಒಂದು ಬದಿಗೆ ವಾಲಿತ್ತು, ಕ್ರೀಮು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ. ಎಂಟನೇ ಹೋಳು ಮಿಕ್ಕಿತು. ತೇಜಶ್ರೀ ಅದನ್ನು ಒಂದು ತಟ್ಟೆಯಲ್ಲಿಟ್ಟು, ಮೇಲೆ ಕ್ರೀಮು ಬಳಿದು, ತಾತನ ಹೆಸರಿಗೆಂದು ಫ್ರಿಜ್ಜಿನಲ್ಲಿಟ್ಟಳು.

ಆರಕ್ಕೆ ಐದು ನಿಮಿಷ ಇದ್ದಾಗ ವೀರಪ್ಪನವರು ಗಡಿಯಾರ ನೋಡಿದರು. ಚಪ್ಪಲಿಯ ಕಡೆ ನೋಡಿದರು. ತೇಜಶ್ರೀ ಕುರ್ಚಿ ಎಳೆದು, "ಕೂತ್ಕೊಳ್ಳಿ ತಾತ," ಎಂದಳು. ಕೂತರು. ನಾಲ್ವರೂ ಮೇಜಿಗೆ ಕೂತರು. ಮೋಂಬತ್ತಿ ಹಚ್ಚುವುದು ಬೇಡವೆಂದು ಗಿರಿಜಾದೇವಿ ಹೇಳಿದರು, ಅದಕ್ಕೆ ಯಾರೂ ಎದುರು ಹೇಳಲಿಲ್ಲ. ಮೊಮ್ಮಗಳು ಚಾಕು ಇಟ್ಟು ಎಲ್ಲರ ತಟ್ಟೆಗೂ ಒಂದೊಂದು ಹೋಳು ಹಾಕಿದಳು, ತಾತನಿಗೆ ಕೂಲಿಯನ್ನೂ ಕೊಟ್ಟಳು.

ವೀರಪ್ಪನವರು ಒಂದೊಂದೇ ಚೂರು ಮುರಿದು ತಿನ್ನುತ್ತಿದ್ದರು, ಗಿರಿಜಾದೇವಿ ನೀರಿನ ಲೋಟ ಹತ್ತಿರ ಎಳೆದುಕೊಂಡರು. ತೇಜಶ್ರೀ ಒಂದು ತುತ್ತು ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದಳು, ತಾತನನ್ನು ನೋಡಿದಳು, ನುಂಗಿದಳು. ದಾಕ್ಷಾಯಿಣಿ ಕೊನೆಗೆ ತಾನೂ ತಿಂದಳು. ಮೊದಲು ಮಾವಿನ ಸಿಹಿ ಬಂತು. ಆಮೇಲೆ ಇನ್ನೊಂದು ಬಂತು, ನಾಲಿಗೆಯ ಎರಡೂ ಬದಿಗೆ.

"ಉಪ್ಪಾಗೈತೆ," ಎಂದಳು.

ಯಾರೂ ತಲೆ ಎತ್ತಲಿಲ್ಲ.

"ಉಪ್ಪಾಗೈತೆ ಮಾವ. ಬೆಣ್ಣೇನೇ ಉಪ್ಪು."

"ಆವತ್ತೂ ಆಗಿತ್ತು," ಎಂದರು ಗಿರಿಜಾದೇವಿ.

"ಹೇಳಬಾರದಿತ್ತಾ ಅತ್ತೆ?"

"ನಾನ್ಯಾಕೆ ಹೇಳ್ಲಿ? ಈ ಮನೇಲಿ ಹೇಳಂಗಿಲ್ಲವಲ್ಲ."

"ತಾತ ಟೇಬಲ್ ಬಟರ್ ತಂದಿದ್ದಾರೆ," ಎಂದಳು ತೇಜಶ್ರೀ. ಅವಳ ತುಟಿಯ ಮೇಲೆ ಕ್ರೀಮು ಅಂಟಿತ್ತು.

"ಬೆಣ್ಣೇಗೆ ಉಪ್ಪು ಹಾಕ್ತಾರೆ ಅಂತ ಯಾವನಿಗೆ ಗೊತ್ತು," ಎಂದರು ವೀರಪ್ಪನವರು. "ದಾವಣಗೆರೆಯಾಗೆ ಬೆಣ್ಣೆ ಅಂದ್ರೆ ಬೆಣ್ಣೆ."

"ಮುಂದಿನ ವರ್ಷ ಬೆಣ್ಣೆ ನಾನೇ ತರ್ತೀನಿ ಬಿಡಿ," ಎಂದಳು ತೇಜಶ್ರೀ.

"ನಾಮಕ್ಕಲ್ಲಿಂದಾ?" ಎಂದರು ಗಿರಿಜಾದೇವಿ. ಇಷ್ಟು ಹೊತ್ತು ಅದನ್ನೇ ಕೇಳಲು ಕಾದವರ ಹಾಗಿತ್ತು.

ತೇಜಶ್ರೀ ಚಮಚದಲ್ಲಿ ಕ್ರೀಮನ್ನು ಅತ್ತಿತ್ತ ಸರಿಸಿದಳು. ಹೋಗುವುದಿಲ್ಲ ಎಂದು ಅವಳು ಹೇಳಲಿಲ್ಲ. "ಬಸ್ಸಿದೆಯಲ್ಲ ಅಜ್ಜಿ. ಹುಟ್ಟಿದಬ್ಬಕ್ಕೆ ಬರ್ತೀನಿ. ಹಬ್ಬಕ್ಕೆ ಬರ್ತೀನಿ. ದಾರ ಹಿಡಿಯೋಕೆ ತಾತಂಗೆ ಇನ್ನೂ ಸರಿಯಾಗಿ ಬರಲ್ಲ."

"ಬಾ," ಎಂದರು ವೀರಪ್ಪನವರು. ಒಂದು ಚೂರು ತಿಂದರು. ತಟ್ಟೆ ನೋಡಿಕೊಂಡೇ ಹೇಳಿದರು, "ಬರುವಾಗ ಬಸ್ನಾಗೆ ನಿದ್ದೆ ಮಾಡಬ್ಯಾಡ."

ಎರಡು ತಿಂಗಳಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ದಾಕ್ಷಾಯಿಣಿಯ ಬಾಯಲ್ಲಿ ಉಪ್ಪು ಇನ್ನೂ ಇತ್ತು. ಕಿಟಕಿಗೆ ತಲೆ ಆನಿಸಿಕೊಂಡವನು ಕಣ್ಣಿಗೆ ಬಂದ. ಪಾಪ ಮಲಗಲಿ ಎಂದವರು ಬಂದರು, ತೊಳೆದ ಡಬ್ಬಿ ಬಂತು. ಅವಳಿಗೆ ಅಳು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಮೇಜಿನ ಮೇಲೆ ತಲೆ ಇಟ್ಟು ದನಿ ತೆಗೆದು ಅತ್ತಳು. ತೇಜಶ್ರೀ ಕುರ್ಚಿ ಬಿಟ್ಟು ಬಂದು ಅಮ್ಮನ ಬೆನ್ನಿನ ಮೇಲೆ ಕವಿದುಕೊಂಡಳು. ಗಿರಿಜಾದೇವಿ ಸಮಾಧಾನದ ಮಾತೊಂದನ್ನೂ ಆಡದೆ, ಸೊಸೆಯ ತಟ್ಟೆಯನ್ನು ಅವಳ ಕೂದಲಿಗೆ ಕ್ರೀಮು ತಾಗದ ಹಾಗೆ ದೂರ ಸರಿಸಿದರು.

ವೀರಪ್ಪನವರು ಅಳುವುದು ತಪ್ಪೆಂದು ಹೇಳಲಿಲ್ಲ. ತಮ್ಮ ಪಾಲು ಮುಗಿಸಿದರು, ಕೂಲಿಯನ್ನೂ ಮುಗಿಸಿದರು. ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಸುತ್ತ ಸವರಿ, ಎತ್ತಿ ಕುಡಿದರು. ಮತ್ತೆ ನೀರು ಹಾಕಿದರು, ಮತ್ತೆ ಸವರಿದರು. ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅದನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದವರು ಬಹಳ ಹೊತ್ತು ಕೆಳಗಿಳಿಸಲಿಲ್ಲ.